ವೋಲ್ಟೇಜ್ ಏರಿಸಿದೆ, ರೆಸಲ್ಯೂಷನ್ ಇಳಿಯಿತು. ಯಾಕೆ?

ಸಂಪಿಗೆಮರ:
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಪಿಎಚ್‌ಡಿ ಮಾಡ್ತಿದ್ದೇನೆ. ಅಯಾನ್ ಮೊಬಿಲಿಟಿಗೆ, ಅಂದರೆ ಅಯಾನ್‌ಗಳು (ಚಾರ್ಜ್ ಇರುವ ಕಣಗಳು) ಅನಿಲದಲ್ಲಿ ಎಷ್ಟು ವೇಗವಾಗಿ ಸಾಗುತ್ತವೆ ಎಂದು ಅಳೆಯಲು, ನಾವೇ ಕಟ್ಟಿದ ಡ್ರಿಫ್ಟ್ ಟ್ಯೂಬ್ ಇದೆ. ಉದ್ದ 10 ಸೆಂ.ಮೀ., ಒಳಗೆ ಒಣ ನೈಟ್ರೋಜನ್, 25 ಡಿಗ್ರಿ. 2,500 ವೋಲ್ಟ್ ಕೊಟ್ಟಾಗ ಪೀಕ್ (ಅಯಾನ್‌ಗಳು ಆಚೆ ತುದಿ ಮುಟ್ಟಿದಾಗಿನ ಸಿಗ್ನಲ್) 16.5 ಮಿಲಿಸೆಕೆಂಡಿಗೆ ಬರುತ್ತಿತ್ತು. ಅರ್ಧ ಎತ್ತರದಲ್ಲಿ ಅಗಲ 0.55 ಮಿಲಿಸೆಕೆಂಡ್. ಸಮಯವನ್ನು ಅಗಲದಿಂದ ಭಾಗಿಸಿದರೆ ರೆಸಲ್ಯೂಷನ್ 30.

ವೋಲ್ಟೇಜ್ ಜಾಸ್ತಿಯಾದಷ್ಟೂ ಪೀಕ್ ಚೂಪಾಗುತ್ತದೆ ಎಂದು ಓದಿದ್ದೆ. 4,000ಕ್ಕೆ ಏರಿಸಿದೆ. ಪೀಕ್ 10.3ಕ್ಕೆ ಬಂತು, ಅಗಲ 0.52. ಅಂದರೆ ಬರೀ 20! ಮೂರು ದಿನ ಕೂತು ಟ್ಯೂಬಿನಲ್ಲಿ ವೋಲ್ಟೇಜ್ ಹಂಚುವ ರಿಂಗುಗಳ ನಡುವಿನ ರೆಸಿಸ್ಟರ್‌ಗಳನ್ನು ಒಂದೊಂದಾಗಿ ಅಳೆದೆ. ಎಲ್ಲ ಸರಿ ಇವೆ. ಎಲ್ಲಿ ತಪ್ಪಿದೆ?

ಹಳೇ ಬೆಸುಗೆ:
ಅಯಾನ್‌ಗಳನ್ನು ಟ್ಯೂಬಿನೊಳಗೆ ಬಿಡುವ ಗೇಟ್ ಎಷ್ಟು ಹೊತ್ತು ತೆರೆದಿರುತ್ತದೆ?

ಸಂಪಿಗೆಮರ:
0.5 ಮಿಲಿಸೆಕೆಂಡ್ ಸರ್. ಸಿಗ್ನಲ್ ಚೆನ್ನಾಗಿ ಬರಲಿ ಅಂತ.

ಹಳೇ ಬೆಸುಗೆ:
ಅಲ್ಲೇ ಇದೆ ನೋಡಿ. ನಿಮ್ಮ ಟ್ಯೂಬ್ ಕೆಟ್ಟಿಲ್ಲ.

ಅಯಾನ್‌ಗಳು ದಾರಿಯಲ್ಲಿ ಹರಡಿಕೊಳ್ಳುವುದು ಡಿಫ್ಯೂಷನ್‌ನಿಂದ. ಅದೊಂದೇ ಇದ್ದರೆ ಎಷ್ಟು ರೆಸಲ್ಯೂಷನ್ ಸಿಗಬಹುದು ಎಂದು ಲೆಕ್ಕ ಹಾಕುವುದು ಸುಲಭ. 25 ಡಿಗ್ರಿಯಲ್ಲಿ, ಒಂದು ಚಾರ್ಜ್ ಇರುವ ಅಯಾನಿಗೆ, ವೋಲ್ಟೇಜನ್ನು 0.285ರಿಂದ ಭಾಗಿಸಿ ವರ್ಗಮೂಲ ತೆಗೆಯಿರಿ. 2,500ಕ್ಕೆ ಸುಮಾರು 94, 4,000ಕ್ಕೆ 118. ನೀವು ಓದಿದ್ದು ಇದನ್ನೇ, ಮತ್ತು ಅದು ನಿಜ.

ಆದರೆ ಗೇಟ್ ಅರ್ಧ ಮಿಲಿಸೆಕೆಂಡ್ ತೆರೆದಿದ್ದರೆ ಅಯಾನ್‌ಗಳು ಹೊರಡುವಾಗಲೇ ಅರ್ಧ ಮಿಲಿಸೆಕೆಂಡ್ ಉದ್ದದ ಸಾಲಾಗಿರುತ್ತವೆ. ಆ ಸಾಲನ್ನು ಯಾವ ವೋಲ್ಟೇಜೂ ಕುಗ್ಗಿಸುವುದಿಲ್ಲ. ಎರಡು ಅಗಲಗಳನ್ನೂ ವರ್ಗ ಮಾಡಿ ಕೂಡಿಸಿ, ಮೂಲ ತೆಗೆಯಬೇಕು. 4,000ದಲ್ಲಿ ಡಿಫ್ಯೂಷನ್ ಅಗಲ 0.09 ಮಾತ್ರ, ಗೇಟ್ 0.5. ಕೂಡಿಸಿದರೆ 0.51. ನೀವು ಅಳೆದದ್ದು 0.52! ಇತ್ತ ಡ್ರಿಫ್ಟ್ ಸಮಯ 16.5ರಿಂದ 10.3ಕ್ಕೆ ಇಳಿದಿದೆ. ಛೇದ ಹಾಗೇ ಉಳಿದು ಅಂಶ ಕುಗ್ಗಿದರೆ ಉತ್ತರ ಇಳಿಯಲೇಬೇಕು ಅಲ್ವಾ?

ಪ್ರತಿ ಗೇಟ್ ಅಗಲಕ್ಕೂ ಒಂದು ಒಳ್ಳೆಯ ವೋಲ್ಟೇಜ್ ಇರುತ್ತದೆ. ಅದನ್ನು ದಾಟಿದರೆ ನಷ್ಟ. ಮೊದಲು 2,500ಕ್ಕೆ ವಾಪಸ್ ಬನ್ನಿ, ಗೇಟ್ 0.2 ಮಾಡಿ. ಲೆಕ್ಕದಲ್ಲಿ 62 ಬರಬೇಕು. 4,000ದಲ್ಲಿ ಅದೇ ಗೇಟ್‌ಗೆ 47 ಅಷ್ಟೇ.

ಇನ್ನೊಂದು ಮಾತು. ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಸುಮಾರು 685 ಟಾರ್, ಕರಾವಳಿಯಲ್ಲಿ 760. ಒತ್ತಡ ಹೆಚ್ಚಿದ್ದರೆ ಅನಿಲ ದಟ್ಟ, ಅಯಾನ್ ನಿಧಾನ. ಇದೇ ಟ್ಯೂಬ್ ಮಂಗಳೂರಿನಲ್ಲಿದ್ದರೆ ಪೀಕ್ 16.5ಕ್ಕಲ್ಲ, 18.3ಕ್ಕೆ ಬರುತ್ತಿತ್ತು. ಬೇರೆಯವರ ಡ್ರಿಫ್ಟ್ ಸಮಯದ ಜೊತೆ ಹೋಲಿಸುವ ಮುಂಚೆ ಒತ್ತಡ, ತಾಪ ಎರಡನ್ನೂ ಸರಿಹೊಂದಿಸಿ. ದಿನಾ ಬ್ಯಾರೋಮೀಟರ್ ನೋಡಿ ಬರೆದಿಡಿ. ದಯವಿಟ್ಟು ಇದನ್ನು ಬಿಡಬೇಡಿ.

ಮಳೆಹನಿ:
ಸರ್ ಹೇಳಿದ್ದು ಸರಿ. ಗೇಟ್ ಕಿರಿದು ಮಾಡಿದ ಮೇಲೂ ಅಗಲ ಇಳಿಯದಿದ್ದರೆ ಆಂಪ್ಲಿಫೈಯರ್ ನೋಡಿ. ಅದು ನಿಧಾನವಾಗಿದ್ದರೆ ಪೀಕಿನ ಹಿಂಬದಿಗೆ ಬಾಲ ಬೆಳೆಯುತ್ತದೆ. ಆಮೇಲೆ ತೇವ. ಹೋದ ಮಳೆಗಾಲದಲ್ಲಿ ನಮ್ಮ ಪೀಕ್‌ಗಳು ದಿನಕ್ಕೊಂದು ಜಾಗದಲ್ಲಿ ಬರುತ್ತಿದ್ದವು. ನೋಡಿದರೆ ಗ್ಯಾಸ್ ಲೈನಿನಲ್ಲಿ ತೇವ ಹೀರುವ ಸಿಲಿಕಾ ಜೆಲ್ ನೀಲಿ ಹೋಗಿ ಪೂರ್ತಿ ಗುಲಾಬಿ ಆಗಿತ್ತು. ನೀರು ಅಯಾನಿಗೆ ಅಂಟಿಕೊಂಡರೆ ಅದರ ವೇಗವೇ ಬದಲಾಗುತ್ತದೆ.

ಸಂಪಿಗೆಮರ:
ಈಗಷ್ಟೇ ಮಾಡಿ ನೋಡಿದೆ. 2,500 ವೋಲ್ಟ್, ಗೇಟ್ 0.2. ಅಗಲ 0.29 ಬಂತು, ಅಂದರೆ 57! ಎತ್ತರ ಅರ್ಧಕ್ಕಿಂತ ಕಡಿಮೆ ಆಗಿದೆ, ಅದಕ್ಕೆ ಜಾಸ್ತಿ ಸ್ಕ್ಯಾನ್ ಸೇರಿಸಿ ಸರಾಸರಿ ತೆಗೆಯುತ್ತಿದ್ದೇನೆ. ಮೊದಲು ಒಂದೇ ಗುಡ್ಡೆಯಂತೆ ಕಾಣುತ್ತಿದ್ದದ್ದು ಈಗ ಎರಡು ಪೀಕ್ ಆಗಿ ಒಡೆದು ನಿಂತಿದೆ. ತುಂಬಾ ಥ್ಯಾಂಕ್ಸ್ ಸರ್. ಸಿಲಿಕಾ ಜೆಲ್ ಕೂಡ ನೋಡಿದೆ, ಇನ್ನೂ ನೀಲಿ ಇದೆ.