ಸ್ಪಾಟಿಂಗ್ ಸ್ಕೋಪ್ (ದೂರದ ಹಕ್ಕಿ ನೋಡೋ ದುರ್ಬೀನು) ಹಿಂದೆ ಕ್ಯಾಮೆರಾ, ಸ್ಟೆಬಿಲೈಸೇಶನ್ ಆನ್ ಇದ್ರೂ ಎಲ್ಲಾ ಶೇಕ್!! ಯಾರಾದ್ರೂ ಹೇಳ್ರಪ್ಪ

ಕೆರೆದಂಡೆ: ನಿನ್ನೆ ಗದಗ ಕಡೆ ಮಾಗಡಿ ಕೆರೆಗೆ ಹೋಗಿದ್ದೆ, ಪಟ್ಟೆತಲೆ ಹೆಬ್ಬಾತು ಸಾಲಾಗಿ ಕೂತಿದ್ವು, ಇನ್ನೂರು ಫೋಟೊ ಹೊಡ್ದೆ ಒಂದೂ ಶಾರ್ಪ್ ಇಲ್ಲ. 20ರಿಂದ 60 ಪಟ್ಟು ಜೂಮ್ ಆಗೋ ಸ್ಕೋಪು, 25 ಪಟ್ಟಲ್ಲಿಟ್ಟಿದ್ದೆ, ಹಿಂದೆ ಮಿರರ್‌ಲೆಸ್ಸು 40 ಎಂಎಂ ಲೆನ್ಸು. ಬಾಡಿ ಸ್ಟೆಬಿಲೈಸೇಶನ್ (ಸೆನ್ಸರ್ ಸರಿಸಿ ಅಲ್ಲಾಟ ತಡೆಯೋದು) ಆನ್. 5 ಸ್ಟಾಪ್ (ಶಟರ್ 32 ಪಟ್ಟು ನಿಧಾನ ಆದ್ರೂ ಶಾರ್ಪ್) ಅಂತ ಬಾಕ್ಸ್ ಮೇಲೇ ಬರ್ದಿದಾನೆ. ಯಾವ ಸೆಟ್ಟಿಂಗ್ ತಪ್ಪು?

ಮಸೂರಪ್ಪ: ಟ್ರೈಪಾಡ್ ಮೇಲೆ ಆಫ್ ಮಾಡಿ ಸರ್, ಎಷ್ಟ್ ಸಲ ಹೇಳೋದು.

ಕೆರೆದಂಡೆ: ಆಫ್ ಮಾಡೂ ನೋಡ್ದೆ. ಹಂಗೇ.

ಲೆಕ್ಕದಮೇಷ್ಟ್ರು: 40 ಇಂಟು 25, ಅಂದ್ರೆ ಸ್ಕೋಪು ಲೆನ್ಸು ಸೇರಿ ಫೋಕಲ್ ಲೆಂತ್ 1000 ಎಂಎಂ ಆಯ್ತು. ಲೆನ್ಸು ಕ್ಯಾಮೆರಾಗೆ ನಾನು 40 ಅಂತ ಹೇಳ್ತಿದೆ, ಮುಂದೆ ಸ್ಕೋಪ್ ಇರೋದು ಅದಕ್ಕೇನ್ ಗೊತ್ತು, 40ಕ್ಕೆ ಎಷ್ಟ್ ಬೇಕೋ ಅಷ್ಟೇ ಸೆನ್ಸರ್ ಸರಿಸುತ್ತೆ. ಅಲ್ಲಾಟದಲ್ಲಿ 25ರಲ್ಲಿ ಒಂದು ಪಾಲು ಹೋಯ್ತು, ಮಿಕ್ಕಿದ್ದು ಫೋಟೊದಲ್ಲಿ. ಕಾಂಟ್ಯಾಕ್ಟ್ (ಕ್ಯಾಮೆರಾಗೆ ಮಾಹಿತಿ ಕೊಡೋ ಲೋಹದ ಚುಕ್ಕೆಗಳು) ಇಲ್ಲದ ಹಳೇ ಮ್ಯಾನುಯಲ್ ಲೆನ್ಸ್ ಹಾಕಿ, ಮೆನುನಲ್ಲಿ 1000 ಅಂತ ನೀವೇ ಕೊಡಿ.

ತಾರೆಗಾರ: ಸುಳ್ಳು. ನನ್ ಟೆಲಿಸ್ಕೋಪ್ ಐಪೀಸ್ (ಕಣ್ಣಿಡೋ ಮಸೂರ) ಹಿಂದೆ ಹಿಂಗೇ 1000 ಕೊಟ್ಟೆ, ಇನ್ನೂ ಜಾಸ್ತಿ ಕುಣೀತು.

ಲೆಕ್ಕದಮೇಷ್ಟ್ರು: ನಿಮ್ದರಲ್ಲಿ ಚಂದ್ರ ತಲೆಕೆಳಗಾಗಿ ಕಾಣ್ತಾನಲ್ವಾ? ಚಿತ್ರ ಉಲ್ಟಾ ಆದ್ರೆ ಅಲ್ಲಾಟವೂ ಉಲ್ಟಾ, ಕ್ಯಾಮೆರಾ ಸರಿ ಮಾಡಕ್ಕೆ ಹೋಗಿ ಇನ್ನಷ್ಟು ಕೆಡಿಸುತ್ತೆ. ಸ್ಪಾಟಿಂಗ್ ಸ್ಕೋಪಲ್ಲಿ ಪ್ರಿಸಮ್ ಇದೆ, ನೆಟ್ಟಗೇ ಕಾಣುತ್ತೆ.

ತಾರೆಗಾರ: ಇಲ್ಲಿ ಯಾರೂ ಫಿಸಿಕ್ಸ್ ಪಾಠ ಕೇಳಿರ್ಲಿಲ್ಲ.

ಮಸೂರಪ್ಪ: ಟ್ರೈಪಾಡೇ ಸಮಸ್ಯೆ, ಬರೆದಿಟ್ಕೊಳಿ. ನಂದು 95 ಎಂಎಂ ಸ್ಕೋಪು, ಕಾರ್ಬನ್ ಕಾಲು, ಫ್ಲೂಯಿಡ್ ಹೆಡ್ಡು, ಕೆಳಗೆ ಮೂರ್ ಕೆಜಿ ಮರಳು ಚೀಲ. ಗಾಳಿ ಬಂದ್ರೂ ಜಪ್ಪಯ್ಯ ಅನ್ನಲ್ಲ.

ಕೆರೆದಂಡೆ: ಟ್ರೈಪಾಡ್ ಅಂತ ನಾನೆಲ್ಲಿ ಹೇಳ್ದೆ? ಕಾರ್ ಕಿಟಕಿ ಗ್ಲಾಸಿಗೆ ಕ್ಲಾಂಪ್.

ಹುಬ್ಬಳ್ಳಿಹುಡ್ಗ: ಅಣ್ಣಾ, ಇಂಜಿನ್ ಬಂದ್ ಇತ್ತೇನ್ರಿ?

ಕೆರೆದಂಡೆ: ಮಧ್ಯಾಹ್ನ ಒಂದೂವರೆ, ಏಸಿ ಇಲ್ದೆ ಕೂರಕ್ಕಾಗುತ್ತಾ.

ಹುಬ್ಬಳ್ಳಿಹುಡ್ಗ: 🙏🙏 ಇದನ್ನ ಮೊದ್ಲ ಹೇಳೂದಲ್ರಿ. ಇಂಜಿನ್ ನಡುಗತೈತಿ, ಗ್ಲಾಸ್ ನಡುಗತೈತಿ, ಮ್ಯಾಲ ಒಳಗಿನ ತಂಪು ಹೊರಗಿನ ಬಿಸಿ ಕಿಟಕ್ಯಾಗ ಕೂಡಿ ಗಾಳಿ ಕುದ್ದಂಗ ಆಗತೈತಿ. ಆ ಗಾಳಿ ಆಟಕ್ಕ ಯಾವ ಸ್ಟೆಬಿಲೈಸೇಶನ್ನೂ ನಡ್ಯಂಗಿಲ್ಲ. ಮುಂಜಾನೆ ಹೋಗ್ರಿ, ಬಂದ್ ಮಾಡ್ರಿ, 2 ಸೆಕೆಂಡ್ ಟೈಮರ್ ಇಡ್ರಿ.

ಮಸೂರಪ್ಪ: ಅಥವಾ ಒಳ್ಳೇ ಟ್ರೈಪಾಡ್ ತಗೊಳಿ.

ಕೆರೆದಂಡೆ: ಅಪ್‌ಡೇಟ್. ಭಾನುವಾರ ಏಳು ಗಂಟೆಗೇ ಹೋದೆ, ಇಂಜಿನ್ ಆಫ್, ಟೈಮರ್. ದಂಡೆ ಹತ್ರ ಇದ್ದವು ಕೊಕ್ಕಿನ ತುದಿವರೆಗೂ ಶಾರ್ಪು. ಕೆರೆ ಆಚೆ ಇದ್ದವು ಇನ್ನೂ ಮೆತ್ತಗೇ ಇವೆ. 1000 ಕೊಡೋಣ ಅಂದ್ರೆ ನನ್ ಲೆನ್ಸಿಗೆ ಆ ಮೆನು ಬೂದಿ ಬಣ್ಣ, ಒತ್ತಕ್ಕೇ ಆಗಲ್ಲ. ಹಳೇ ಮ್ಯಾನುಯಲ್ 50 ಎಂಎಂ ಯಾರತ್ರ ಆದ್ರೂ ಇದ್ಯಾ?

ಮಸೂರಪ್ಪ: 50 ಇಲ್ಲ. ಟ್ರೈಪಾಡ್ ಒಂದಿದೆ, ಮಾರೋದಿದೆ.