ಇಪ್ಪತ್ತು ವರ್ಷದ ಮೇಲೆ ಡಿಗ್ರಿಗೆ ಹೊರಟ ಹೆಂಡತಿಗೆ ಮನೆಯವರು ಏನು ಮಾಡಬೇಕು?

ಹಾಸನದವನು: ನನ್ನಾಕೆಗೆ 39. ಪಿಯುಸಿ ಮುಗೀತಿದ್ದ ಹಾಗೇ ಮದುವೆಯಾಯ್ತು. ಈಗ ಬಿಎ ಮಾಡ್ತೀನಿ ಅಂತಿದ್ದಾಳೆ. ಮಗ ಎಂಟನೇ ಕ್ಲಾಸು, ಅಮ್ಮನಿಗೆ ಮಂಡಿನೋವು. ಮನೇಲೇ ಓದಿ ಡಿಗ್ರಿ ಮಾಡೋಕೆ ಕೆಎಸ್‌ಒಯು (ಕರ್ನಾಟಕ ರಾಜ್ಯ ಮುಕ್ತ ವಿವಿ), ಇಗ್ನೊ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿವಿ) ಎರಡೂ ನೋಡಿಟ್ಟಿದ್ದೇವೆ. ಫೀಸು ಕಟ್ಟೋದು ಬಿಟ್ಟು ನಾನು ಇನ್ನೇನು ಮಾಡಬೇಕು? ಅನುಭವ ಇರೋರು ಹೇಳಿ.

ತುಮಕೂರು ಅಕ್ಕ: ನಾನು ಇಗ್ನೊ ಬಿಎ ಮುಗಿಸಿದಾಗ ನನಗೆ 42. ಫೀಸಿನ ಲೆಕ್ಕ ಎಲ್ಲರೂ ಹಾಕ್ತಾರೆ, ಮಿಕ್ಕಿದ್ದನ್ನ ಯಾರೂ ಹಾಕಲ್ಲ. ಪೇಪರಿಗೆ ಇಷ್ಟು ಅಂತ ಪರೀಕ್ಷಾ ಶುಲ್ಕ ಬೇರೆ. ಅಸೈನ್‌ಮೆಂಟು ಕೈಯಲ್ಲೇ ಬರೀಬೇಕು, ಒಂದು ವರ್ಷಕ್ಕೆ ಹಾಳೆ, ಜೆರಾಕ್ಸು, ಸ್ಪೀಡ್ ಪೋಸ್ಟು ಸೇರಿ 1,150. ರಾತ್ರಿ ಓದಿ ಓದಿ ಕನ್ನಡಕ ಬಂತು, ಅದು 2,800. ಜೂನ್ ಪರೀಕ್ಷೆ ಹೊತ್ತಿಗೇ ನಾದಿನಿ ಮದುವೆ ಇಟ್ಟರು, ಎರಡು ಪೇಪರು ಡಿಸೆಂಬರಿಗೆ ಹೋದವು. ಬಿಎಗೆ ಆರು ವರ್ಷದವರೆಗೆ ಅವಕಾಶ ಇದ್ದದ್ದಕ್ಕೆ ಉಳ್ಕೊಂಡೆ. "ಓದ್ಕೋ" ಅಂತ ಎಲ್ಲರೂ ಅಂದರು. ಪುಸ್ತಕ ತೆಗೆದ ತಕ್ಷಣ "ಅಮ್ಮಾ, ಸಾಕ್ಸ್ ಎಲ್ಲಿ?" ಅನ್ನೋದು ಮಾತ್ರ ನಿಲ್ಲಲಿಲ್ಲ. ಎಲ್ಲರ ಹತ್ತಿರ ಜಗಳ ಮಾಡಿ ಪಾಸಾದೆ. ಆ ಜಗಳಕ್ಕೆ ನನಗೆ ಹೆಮ್ಮೆ ಇದೆ.

ಸಂಜೆ ಬ್ಯಾಚ್: ನಾನು ಬೆಂಗಳೂರಲ್ಲಿ ಸಂಜೆ ಕಾಲೇಜಲ್ಲಿ ಬಿಕಾಂ ಮಾಡಿದೋನು. ಅಂಗಡಿ ಲೆಕ್ಕ ಮುಗಿಸಿ ಊಟ ಇಲ್ಲದೆ ಕ್ಲಾಸಿಗೆ ಓಡ್ತಿದ್ದೆ. ಓವರ್‌ಟೈಮ್ ಬಿಟ್ಟದ್ದಕ್ಕೆ ತಿಂಗಳಿಗೆ 3,500 ಹೋಯ್ತು, ತಂಗಿ ಚೀಟಿ ಕಟ್ಟೋಕೆ ಆಗದೆ ಮನೇಲಿ ಮಾತು ಬಿದ್ದವು. ಆದರೂ ಮೇಷ್ಟ್ರ ಎದುರು ಕೂತು ಕಲಿತದ್ದೇ ಡಿಗ್ರಿ. ಅಂಚೇಲಿ ಬಂದ ಪುಸ್ತಕ ಓದಿ ತಗೊಂಡಿದ್ದಕ್ಕೆ ಇಂಟರ್‌ವ್ಯೂನಲ್ಲಿ ಯಾರು ಬೆಲೆ ಕೊಡ್ತಾರೆ?

ತುಮಕೂರು ಅಕ್ಕ: ಬಾಯಿಗೆ ಬಂದಂತೆ ಮಾತಾಡಬೇಡಿ. ಮಾನ್ಯತೆ ಇರೋ ದೂರಶಿಕ್ಷಣದ ಡಿಗ್ರಿ ರೆಗ್ಯುಲರ್ ಡಿಗ್ರಿಗೆ ಸಮ ಅಂತ ವಿವಿಗಳಿಗೆ ನಿಯಮ ಮಾಡೋ ಯುಜಿಸಿ 2022ರಲ್ಲಿ ಸ್ಪಷ್ಟವಾಗಿ ಹೇಳಿದೆ. ಸಂಜೆ ಆರಕ್ಕೆ ಒಲೆ ಬಿಟ್ಟು ಕಾಲೇಜಿಗೆ ಹೋಗೋ ಭಾಗ್ಯ ನಮಗಿರಲಿಲ್ಲ.

ಸಂಜೆ ಬ್ಯಾಚ್: ಭಾಗ್ಯ ಅಲ್ಲ ಮೇಡಂ, ಹಸಿವು. ಕಾಗದದಲ್ಲಿ ಸಮ ಇರಬಹುದು, ನಾನು ಹೇಳಿದ್ದು ಕೆಲಸ ಕೊಡೋರ ಮಾತು.

ಗದಗಿನಾಂವ: ಸಂಜಿ ಕಾಲೇಜು ಅನ್ನಾಕ ಸುಲಭ ಐತ್ರಿ. ನಮ್ಮ ಹಳ್ಳಿಗೆ ಕೊನೀ ಬಸ್ ಏಳಕ್ಕ. ನಾ ಎಲ್ಲಿ ಹೋಗ್ಲಿ? ಹೊರರಾಜ್ಯದ ಒಂದು ಖಾಸಗಿ ವಿವಿ ಹೆಸರಿನಾಗ ಇಲ್ಲೇ ಸೆಂಟರ್ ತೆಗದಿದ್ರು. ಮೊದಲ 18,000, ಆಮ್ಯಾಲೆ 14,000, 'ಯುನಿವರ್ಸಿಟಿ ಚಾರ್ಜ್' ಅಂತ ಮತ್ತ 9,000, ಮಾರ್ಕ್ಸ್‌ಕಾರ್ಡಿಗೆ 5,000. ಒಟ್ಟ 46,000. ಬಡ್ತಿಗೆ ಅರ್ಜಿ ಹಾಕಿದಾಗ ಆ ಸರ್ಟಿಫಿಕೇಟ್ ನಡಿಯೂದಿಲ್ಲ ಅಂದ್ರು. ಸೆಂಟರಿಗೆ ಹೋದ್ರ ಅಲ್ಲಿ ಮೊಬೈಲ್ ಅಂಗಡಿ! ರಾಜ್ಯದ ಖಾಸಗಿ ವಿವಿ ತನ್ನ ರಾಜ್ಯದ ಹೊರಗ ಸೆಂಟರ್ ನಡಸೂ ಹಂಗಿಲ್ಲ. 2005ರಾಗ ಛತ್ತೀಸಗಡದ ಖಾಸಗಿ ವಿವಿಗಳನ್ನ ಸುಪ್ರೀಂ ಕೋರ್ಟೇ ರದ್ದು ಮಾಡಿತ್ತು. ಇದನ್ನೆಲ್ಲಾ ನನಗ ಹೇಳವರು ಯಾರಿದ್ರು? ರೊಕ್ಕ ಕಟ್ಟೂ ಮೊದಲ ಯುಜಿಸಿ ದೂರಶಿಕ್ಷಣದ ಪಟ್ಟಿಯೊಳಗ ವಿವಿ ಅಷ್ಟ ಅಲ್ಲ, ಆ ಕೋರ್ಸ್, ಆ ವರ್ಷ ಐತೇನಂತ ನೋಡ್ರಿ.

ಸಂಜೆ ಬ್ಯಾಚ್: ಇದಕ್ಕೇ ನಾನು ಕಾಲೇಜಿಗೆ ಹೋಗಿ ಅಂದಿದ್ದು.

ಗದಗಿನಾಂವ: ನಾ ಕಳಕೊಂಡ ರೊಕ್ಕದ ಮ್ಯಾಲೆ ನಿಮ್ಮ ವಾದ ಗೆಲ್ಲಬ್ಯಾಡ್ರಿ. ಸರ್ಕಾರಿ ಮುಕ್ತ ವಿವಿ ಬ್ಯಾರೆ, ಈ ಅಂಗಡಿ ಬ್ಯಾರೆ. ನನ್ನ ಹೆಂಡತಿ ಈಗ ಕೆಎಸ್‌ಒಯುದಾಗ ಕನ್ನಡ ಮಾಧ್ಯಮದಾಗ ಓದಾಕತ್ಯಾಳ. ಶಕ್ತಿ ಯೋಜನೆ ಬಂದಮ್ಯಾಲೆ ಕ್ಲಾಸಿಗೆ ಹೋಗಿಬರೂ ಟಿಕೆಟ್ ಖರ್ಚೂ ಇಲ್ಲ.

ಪುತ್ತೂರಿನ ಟೀಚರ್: ನನ್ನನ್ನು ಅರ್ಧ ವರ್ಷ ಹಿಂದೆ ಹಾಕಿದ್ದು ಹೆಸರು ಮಾರಾಯ್ರೆ. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಅಪ್ಪನ ಇನಿಶಿಯಲ್, ಆಧಾರಿನಲ್ಲಿ ಗಂಡನ ಹೆಸರು. ಅರ್ಜಿ ವಾಪಸ್ ಬಂತು. ಅಫಿಡವಿಟ್ಟಿಗೆ 500, ಪತ್ರಿಕೆಯಲ್ಲಿ ಜಾಹೀರಾತಿಗೆ 1,600, ಆಧಾರ್ ತಿದ್ದಲಿಕ್ಕೆ ಹೋದರೆ ಸರ್ವರ್ ಇಲ್ಲ. ಅಷ್ಟರಲ್ಲಿ ಪ್ರವೇಶ ಮುಗಿದಿತ್ತು. ಗಂಡ ರಜೆ ಹಾಕಿ ಆ ಸಾಲಿನಲ್ಲಿ ನಿಂತರೆ ಅದೇ ದೊಡ್ಡ ಸಹಾಯ.

ಸಂಜೆ ಬ್ಯಾಚ್: ಮದುವೆಯಾದ ಮೇಲೆ ಹೆಸರು ಬದಲಾಯಿಸೋದೇ ಯಾಕೆ?

ಪುತ್ತೂರಿನ ಟೀಚರ್: ರೇಷನ್ ಕಾರ್ಡಿಗೆ ಹೆಸರು ಸೇರಿಸುವಾಗ ಮಾವ ಬರೆಸಿದ್ದು, ನನ್ನನ್ನು ಯಾರೂ ಕೇಳಲಿಲ್ಲ. ಈ ಪ್ರಶ್ನೆ ಅವರಿಗೆ ಕೇಳಿ.

ತುಮಕೂರು ಅಕ್ಕ: ಸರಿಯಾಗಿ ಹೇಳಿದ್ರಿ ಟೀಚರೇ. ಹಾಸನದವರೇ, ನಿಮ್ಮಾಕೆಯ ಮಾರ್ಕ್ಸ್‌ಕಾರ್ಡು, ಆಧಾರು ಎರಡೂ ಪಕ್ಕಪಕ್ಕ ಇಟ್ಟು ಇವತ್ತೇ ನೋಡಿ. ಟಿಸಿ ಕಾಲೇಜಲ್ಲೇ ಉಳಿದಿದ್ದರೆ ಅದನ್ನ ತರೋಕೆ ನೀವೇ ಹೋಗಿ.