ಅರಿವಳಿಕೆ ಕೊಟ್ಟ ಇಲಿಯಲ್ಲಿ ಬೋಲ್ಡ್ ಸಿಗ್ನಲ್ ಬರುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ:
ಪಿಎಚ್‌ಡಿ ಎರಡನೇ ವರ್ಷ. ಇಲಿಗಳ ಮಿದುಳಿನ ಎಫ್‌ಎಂಆರ್‌ಐ (ಮಿದುಳಿನ ಯಾವ ಭಾಗ ಕೆಲಸ ಮಾಡುತ್ತಿದೆ ಎಂದು ತೋರಿಸುವ ಸ್ಕ್ಯಾನ್) ಮಾಡುತ್ತಿದ್ದೇನೆ. ಉಸಿರಿನಲ್ಲಿ ಕೊಡುವ ಅರಿವಳಿಕೆ ಐಸೋಫ್ಲೂರೇನನ್ನು ಶೇ. 2ರಷ್ಟು ಕೊಟ್ಟು ಮಲಗಿಸಿ, ಮುಂಗಾಲಿಗೆ ಸಣ್ಣಗೆ ಕರೆಂಟ್ ಕೊಡುತ್ತೇನೆ. ಬೋಲ್ಡ್ ಸಿಗ್ನಲ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ತಪ್ಪು ಸ್ಕ್ಯಾನರಿನದೋ, ಔಷಧಿಯದೋ? ಅವೇ ಇಲಿಗಳನ್ನು ಎರಡು ವಾರಕ್ಕೊಮ್ಮೆ ಮತ್ತೆ ಸ್ಕ್ಯಾನ್ ಮಾಡಬೇಕು.

ಉತ್ತರ 1:
ಸ್ಕ್ಯಾನರನ್ನು ಬೈಯಬೇಡಿ, ಪಾಪ. ಶೇ. 2 ಜಾಸ್ತಿಯಾಯಿತು. ಬೋಲ್ಡ್ ನರಕೋಶಗಳನ್ನು ನೇರವಾಗಿ ನೋಡುವುದಿಲ್ಲ ಅಲ್ವಾ? ಕೆಲಸ ಮಾಡುತ್ತಿರುವ ಜಾಗಕ್ಕೆ ಹೆಚ್ಚು ರಕ್ತ ನುಗ್ಗಿದಾಗ ಆಮ್ಲಜನಕದ ಮಟ್ಟ ಬದಲಾಗುತ್ತದೆ, ಅದನ್ನು ಹಿಡಿಯುತ್ತದೆ. ಐಸೋಫ್ಲೂರೇನ್ ರಕ್ತನಾಳಗಳನ್ನು ಮೊದಲೇ ಹಿಗ್ಗಿಸಿರುತ್ತದೆ. ನಲ್ಲಿ ಆಗಲೇ ಪೂರ್ತಿ ತಿರುವಿದೆ, ಇನ್ನೆಷ್ಟು ತಿರುವುತ್ತೀರಿ? ಸಾಲದ್ದಕ್ಕೆ ನರಕೋಶಗಳೂ ಮಂಕಾಗಿರುತ್ತವೆ.

ಡೋಸ್ ಏರಿದರೆ ಇನ್ನೊಂದು ಮೋಸ ಇದೆ. ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿಯಲ್ಲಿ ಸ್ವಲ್ಪ ಹೊತ್ತು ಸಪಾಟು ಗೆರೆ, ಆಮೇಲೆ ಒಮ್ಮೆಲೇ ಅಲೆಗಳ ಗದ್ದಲ, ಮತ್ತೆ ಸಪಾಟು. ಆಗ ಇಡೀ ಕಾರ್ಟೆಕ್ಸ್, ಅಂದರೆ ಮಿದುಳಿನ ಹೊರಪದರ, ಒಟ್ಟಿಗೆ ಏರಿಳಿಯುತ್ತದೆ, ಭಾಗಗಳ ನಡುವೆ ಸಂಪರ್ಕ (ಕನೆಕ್ಟಿವಿಟಿ) ಇರುವಂತೆ ಕಾಣುತ್ತದೆ. ನಾನು ಮೊದಲ ಸಲ ಅದನ್ನು ನೋಡಿ, ‘ಎಂಥಾ ಕನೆಕ್ಟಿವಿಟಿ ಸರ್!’ ಎಂದು ಗೈಡ್ ಹತ್ತಿರ ಓಡಿದ್ದೆ. ‘ಇಇಜಿ ಹಾಕಿ ನೋಡಪ್ಪ’ ಎಂದು ನಕ್ಕರು.

ನಾವು ಈಗ ಮಾಡುವುದು ಹೀಗೆ: ಮಂಪರು ತರಿಸುವ ಮೆಡೆಟೊಮಿಡಿನ್ ಅನ್ನು ಕೆ.ಜಿ.ಗೆ 0.05 ಮಿ.ಗ್ರಾಂ ಒಮ್ಮೆ ಚರ್ಮದಡಿ ಕೊಟ್ಟು, ಆಮೇಲೆ ಗಂಟೆಗೆ 0.1ರಂತೆ ಪಂಪಿನಲ್ಲಿ. ಐಸೋ ಶೇ. 0.5ಕ್ಕೆ ಇಳಿಸುತ್ತೇವೆ. ಐಸೋ ರಕ್ತನಾಳ ಹಿಗ್ಗಿಸಿದರೆ ಮೆಡೆಟೊಮಿಡಿನ್ ಬಿಗಿಸುತ್ತದೆ. ಎದೆಬಡಿತ ನಿಧಾನವಾಗುತ್ತದೆ, ಗಾಬರಿ ಬೇಡ. ಕೊನೆಗೆ ಅದರ ಪ್ರಭಾವ ಇಳಿಸುವ ಅಟಿಪಮೆಜೋಲ್ ಕೊಟ್ಟರೆ ಇಲಿ ಬೇಗ ಏಳುತ್ತದೆ. ಮೆಡೆಟೊಮಿಡಿನ್ ಇಲ್ಲದೆ ಬರೀ 0.5ಕ್ಕೆ ಮಾತ್ರ ಇಳಿಸಬೇಡಿ, ಸ್ಕ್ಯಾನರಿನೊಳಗೇ ಎದ್ದುಬಿಡುತ್ತದೆ.

ಉತ್ತರ 2:
ಹಳಬರು ಆಲ್ಫಾ-ಕ್ಲೋರಲೋಸ್ ಎಂಬ ಇನ್ನೊಂದು ಅರಿವಳಿಕೆಯನ್ನು ಹೊಗಳುತ್ತಾರೆ. ಮುಂಗಾಲಿನ ಸಿಗ್ನಲ್ ನಿಜಕ್ಕೂ ಚೆನ್ನಾಗಿ ಬರುತ್ತದೆ. ಆದರೆ ಇಲಿಯನ್ನು ಮತ್ತೆ ಎಬ್ಬಿಸುವ ಪ್ರಯೋಗಕ್ಕೆ ಅದು ಆಗದು. ಯುರೆಥೇನ್ ಕೂಡ ಅಷ್ಟೇ, ಮೇಲಾಗಿ ಕ್ಯಾನ್ಸರ್‌ಕಾರಕ. ನಿಮಗೆ ಎರಡೂ ಬೇಡ.

ಉತ್ತರ 3:
ಔಷಧಿ ಬದಲಿಸುವ ಮೊದಲು ಉಸಿರು ನೋಡಿ. ನನ್ನ ಮೂರು ತಿಂಗಳ ಡೇಟಾ ಹಾಳಾಗಿದ್ದು ಇದರಿಂದಲೇ. ಇಲಿಗಳು ವೆಂಟಿಲೇಟರ್ ಇಲ್ಲದೆ ತಾವೇ ಉಸಿರಾಡುತ್ತಿದ್ದವು. ಅರಿವಳಿಕೆ ಗಾಢವಾದಷ್ಟೂ ಉಸಿರು ಕುಗ್ಗಿ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತಿತ್ತು. ಅದೂ ರಕ್ತನಾಳ ಹಿಗ್ಗಿಸುತ್ತದೆ! ನಾನು ಸುಮ್ನೆ ಔಷಧಿಯನ್ನು ಬೈದುಕೊಂಡು ಕೂತಿದ್ದೆ. ಒಂದು ದಿನ ಇಲಿಯನ್ನು ಬೆಚ್ಚಗಿಡುವ ಬಿಸಿನೀರಿನ ಪಂಪ್ ನಿಂತು ಮೈ 34 ಡಿಗ್ರಿಗೆ ಇಳಿದಿದ್ದೂ ಇದೆ. 37ರ ಹತ್ತಿರ ಇರಲಿ. ಇನ್ನೊಂದು, ಮೊದಲ ಇಂಜೆಕ್ಷನ್ ಆಗಿ ಎಷ್ಟನೇ ನಿಮಿಷಕ್ಕೆ ಸ್ಕ್ಯಾನ್ ಶುರು ಎಂದು ಬರೆದಿಡಿ, ಪ್ರತಿ ಇಲಿಗೂ ಅಷ್ಟೇ ಇಡಿ. ಒಂದಕ್ಕೆ ಇಪ್ಪತ್ತು, ಇನ್ನೊಂದಕ್ಕೆ ಎಪ್ಪತ್ತು ನಿಮಿಷ ಆದರೆ ನೀವು ಹೋಲಿಸುವುದು ಇಲಿಗಳನ್ನಲ್ಲ, ಅರಿವಳಿಕೆಯ ಆಳವನ್ನು.

ಉತ್ತರ 4:
ಎಚ್ಚರವಿರುವ ಇಲಿಯನ್ನೇ ಸ್ಕ್ಯಾನ್ ಮಾಡಬಹುದು. ಆದರೆ ದಿನಗಟ್ಟಲೆ ಅಭ್ಯಾಸ ಮಾಡಿಸಬೇಕು. ಆ ಸದ್ದಿಗೆ ಅದು ಹೆದರಿದರೆ ನಿಮಗೆ ಸಿಗುವುದು ಹೆದರಿದ ಮಿದುಳು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಮೆಡೆಟೊಮಿಡಿನ್‌ಗೆ ಎಥಿಕ್ಸ್ ಕಮಿಟಿಯ ಒಪ್ಪಿಗೆ ಬೇಕು, ಅರ್ಜಿ ಹಾಕಿದ್ದೇನೆ. ಅಲ್ಲಿಯವರೆಗೆ ಕಾಲಿಗೆ ಕರೆಂಟ್ ಕೊಡದೆ ಉಸಿರು, ಮೈಬಿಸಿ ಮಾತ್ರ ದಾಖಲು ಮಾಡುತ್ತೇನೆ. ನಿನ್ನೆಯ ಇಲಿಯ ಮೈ 35.2 ಇತ್ತು. ಬಿಸಿನೀರಿನ ಪಂಪ್ ಸರಿ ಇದೆ, ನಾನೇ ಪೈಪನ್ನು ತಿರುಚಿ ಇಟ್ಟಿದ್ದೆ.